ಎರಡು ಚಿತ್ರ, ಒಂದು ಮೆದುಳು

ವರದಿಯಲ್ಲಿ ತನ್ನ ಹೆಸರಿಲ್ಲವೆಂದು ತಿಳಿದ ದಿನ ಪ್ರಜ್ಞಾ ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಹಲ್ಲು ಕಚ್ಚಿ ಕೂತಳು. ಛತ್ರಪತಿ ಸಂಭಾಜಿನಗರದ ಪ್ರಯೋಗಾಲಯದಲ್ಲಿ ಮೂರು ವರ್ಷ ಬೆವರು ಸುರಿಸಿ ಅವಳು ತಯಾರಿಸಿದ್ದು ಚಿನ್ನ ಲೇಪಿಸಿದ ಕಬ್ಬಿಣದ ನ್ಯಾನೋ ಕಣ. ರಕ್ತಕ್ಕೆ ಚುಚ್ಚಿದರೆ ಅದು ಮೆದುಳಿನ ಗಡ್ಡೆಯಲ್ಲಿ ಹೋಗಿ ಕೂರಬೇಕು. ಎಂಆರ್‌ಐಯಲ್ಲಿ ಕಬ್ಬಿಣ ಕಪ್ಪಗೆ, ಸಿಟಿ ಸ್ಕ್ಯಾನಿನಲ್ಲಿ ಚಿನ್ನ ಬೆಳ್ಳಗೆ, ಎರಡೂ ಒಂದೇ ಜಾಗದಲ್ಲಿ ಕಾಣಬೇಕು. ಅಮ್ಮನ ಆಪರೇಷನ್ನಿಗೆಂದು ಅವಳು ನಾಸಿಕಕ್ಕೆ ಹೋಗಿದ್ದ ವಾರ, ಮುಖ್ಯಸ್ಥ ಮಲ್ಲಿನಾಥ ಅವಳ ಕಂಪ್ಯೂಟರಿನಿಂದ ಇಲಿಯ ಮೆದುಳಿನ ಚಿತ್ರಗಳನ್ನು ಎತ್ತಿಕೊಂಡು, ತನ್ನ ಹೆಸರಿನ ಪಕ್ಕ ಭಾವಮೈದ ಅಕ್ಷಯನ ಹೆಸರು ಸೇರಿಸಿ ಪರಿಶೀಲನಾ ಸಮಿತಿಗೆ ವರದಿ ಕಳಿಸಿಬಿಟ್ಟಿದ್ದ. ಆ ಅಕ್ಷಯ ಪ್ರಯೋಗಾಲಯದ ಬಾಗಿಲನ್ನೂ ಕಂಡವನಲ್ಲ.

ಕದಿಯುವವನಿಗೆ ಮನೆಯ ರೀತಿನೀತಿಯಾದರೂ ಗೊತ್ತಿರಬೇಡವೇ? ಪ್ರಜ್ಞಾಳ ಅಪ್ಪ ಸದಾನಂದ ಕುಂದಾಪುರದ ಕಡೆಯವರು, ನಾಸಿಕದ ಓಝರ್ ರಸ್ತೆಯಲ್ಲಿ ಹೋಟೆಲು ಇಟ್ಟವರು. ಅವರಲ್ಲಿ ಮೊದಲ ದೋಸೆ ಕಾವಲಿಯ ಕಾವು ನೋಡಲಿಕ್ಕೆ. ಗಿರಾಕಿಯ ಮುಂದೆ ಅದು ಹೋಗುವುದಿಲ್ಲ. ಮಗಳು ಕಣ ತಯಾರಿಸಿದ್ದೂ ಹಾಗೆಯೇ. ಒಂದನೆಯ ಸಲದ್ದು ಹದ ನೋಡಲಿಕ್ಕೆ ಮಾತ್ರ, ಅದರಲ್ಲಿ ಚಿನ್ನ ಕಬ್ಬಿಣವನ್ನು ಬಿಟ್ಟು ಬೇರೆಯಾಗಿತ್ತು. ಒಳ್ಳೆಯ ಚಿತ್ರಗಳು ಎರಡನೆಯ ಸಲದಿಂದ ಶುರು. ಅವಸರದ ಮಲ್ಲಿನಾಥ ಒಂದು ಎಂದು ಬರೆದಿದ್ದ ಫೋಲ್ಡರನ್ನೇ ಶ್ರೇಷ್ಠವೆಂದುಕೊಂಡು ಎತ್ತಿದ್ದ.

ವರದಿ ನೋಡಿದ ಕೂಡಲೇ ಪ್ರಜ್ಞಾಳಿಗೆ ಅದು ತಿಳಿಯಿತು. ಒಂದು ಮಾತು ಹೇಳಿದ್ದರೆ ಅವನ ಮಾನ ಉಳಿಯುತ್ತಿತ್ತು. ಎಂಟು ತಿಂಗಳು ಅವಳು ಬಾಯಿಗೆ ಬೀಗ ಹಾಕಿಕೊಂಡಳು. ದಿನಾ ಬೆಳಿಗ್ಗೆ ಅವನಿಗೆ ನಮಸ್ಕಾರ ಹೇಳುವಾಗ ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು. ಆ ಉರಿಯಲ್ಲೊಂದು ಸುಖವೂ ಇತ್ತು, ಸುಳ್ಳೇಕೆ ಹೇಳಬೇಕು?

ಆ ವರದಿಯ ಮೇಲೆ ನಾಸಿಕದಲ್ಲಿ ಪರಿಶೀಲನಾ ಸಮಿತಿಯ ಸಭೆ ಸೇರಿತು. ಒಳಗೆ ಹೋಗುವ ಮುಂಚೆ ಮಲ್ಲಿನಾಥ ಅವಳನ್ನು ಕರೆದ.

"ನೀ ಹಿಂದಿನ ಸಾಲಿನ್ಯಾಗ ಕೂಡು. ಯಾರರ ಏನರ ಕೇಳಿದ್ರ ನಾ ಹೇಳ್ತೀನಿ. ಟೆನ್ಶನ್ ಘೇವೂ ನಕೋ," ಎಂದು ಮರಾಠಿ ಬೆರೆಸಿ, ಚಿಂತೆ ಬೇಡವೆಂದ.

"ಆಯ್ತು ಸರ್," ಎಂದಳು ಪ್ರಜ್ಞಾ.

ಅವನು ಪರದೆಯ ಮೇಲೆ ಎಂಆರ್‌ಐ, ಸಿಟಿ ಎರಡು ಚಿತ್ರಗಳನ್ನು ಪಕ್ಕಪಕ್ಕ ತೋರಿಸಿ ಎದೆಯುಬ್ಬಿಸಿ ಮಾತಾಡಿದ. ಮುಗಿದಾಗ ಹಿಂದಿನ ಸಾಲಿನಿಂದ ಪ್ರಜ್ಞಾ ಕೈಯೆತ್ತಿದಳು. ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಬಹುದೇ ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಕೇಳಿದಳು. ಸಮಿತಿಯ ಅಧ್ಯಕ್ಷೆ ಡಾಕ್ಟರ್ ಮೃದುಲಾ ಆಗಲಿ ಎಂದು ತಲೆಯಾಡಿಸಿದರು. ಮಲ್ಲಿನಾಥನಿಗೆ ಬೇರೆ ದಾರಿಯಿರಲಿಲ್ಲ, ಇಟ್ಟ.

ಕಬ್ಬಿಣದ ಕಪ್ಪು ಗಡ್ಡೆಯಲ್ಲಿತ್ತು. ಚಿನ್ನದ ಬಿಳುಪು ಅಲ್ಲಿಂದ ದೂರ, ಬುರುಡೆಯ ಅಂಚಿನ ರಕ್ತನಾಳದಲ್ಲಿತ್ತು. ಲೇಪವೇ ನಿಂತಿಲ್ಲವಲ್ಲ, ಇದನ್ನು ತಯಾರಿಸಿದವರು ಯಾರು ಎಂದು ಅಧ್ಯಕ್ಷೆ ಕೇಳಿದರು.

ಮಲ್ಲಿನಾಥನ ಮುಖ ಸುಣ್ಣದಂತಾಯಿತು. ಬೆರಳು ಹಿಂದಿನ ಸಾಲಿಗೆ ತಿರುಗಿತು. ಎಲ್ಲವೂ ಪ್ರಜ್ಞಾ ಅವರದೇ ಕೆಲಸ, ಮೊದಲಿನಿಂದ ಕೊನೆಯವರೆಗೆ ಅವರದೇ, ಎಂದ. ಆಮೇಲೆ ಅವಳ ಕಡೆ ನೋಡಿ ಕನ್ನಡದಲ್ಲಿ ಅಂಗಲಾಚಿದ: "ಪ್ರಜ್ಞಾ, ನೀವರ ಹೇಳ್ರಿ."

ಎಲ್ಲವೂ ಅವಳದೇ ಎಂಬ ಮಾತನ್ನು ಅವನ ಬಾಯಿಂದ ಕೇಳಲೆಂದು ಅವಳು ಎಂಟು ತಿಂಗಳು ಹಸಿದಿದ್ದಳು. ಎದ್ದು ನಿಂತು ವರದಿಯ ಮೊದಲ ಪುಟ ತೆರೆದು ಅಧ್ಯಕ್ಷೆಯ ಮುಂದಿಟ್ಟಳು.

"ನನ್ನ ಹೆಸರು ಇದರಲ್ಲಿ ಎಲ್ಲಿಯೂ ಇಲ್ಲ ಮೇಡಂ. ಇದು ಇಲ್ಲಿ ಹೆಸರಿರುವ ಇಬ್ಬರ ಕೆಲಸ."

ಹೊಟ್ಟೆಯ ಕೂಸಿನಂತೆ ಸಾಕಿದ ಕೆಲಸವನ್ನು ತುಂಬಿದ ಸಭೆಯಲ್ಲಿ ತನ್ನದಲ್ಲವೆಂದು ಹೇಳಿ ಅವಳು ಹೋಗಿ ಕೂತಳು, ಮತ್ತು ಹಾಗೆ ಹೇಳಿದ್ದಕ್ಕೆ ಅವಳಿಗೆ ಒಂದಿಷ್ಟೂ ದುಃಖವಾಗಲಿಲ್ಲ.