ಬಾಣಂತಿ ಕೋಣೆಯ ಕಾವಲು

ಆಶಾ ಕಾರ್ಯಕರ್ತೆ ವಿಜಯಶ್ರೀ ಜಗಳೂರಿನ ತರಬೇತಿ ಮುಗಿಸಿ ಬಂದಾಗಿನಿಂದ ನನಗೆ ಅವಳ ಮೇಲೆ ಗುಮಾನಿ. ಅಲ್ಲಿ ರಬ್ಬರ್ ಗೊಂಬೆಗೆ ಬಟ್ಟೆ ಸುತ್ತಿಸಿ, ಬಿಚ್ಚಿಸಿ, ಬಿಸಿಲು ಮೊದಲಿನಂತಿಲ್ಲ, ಎಳೆಗೂಸುಗಳಿಗೆ ತಡೆಯಲಾಗದು ಎಂದು ಹೇಳಿಕೊಟ್ಟರಂತೆ. ಐದು ಹೆತ್ತ ನನಗೆ ಗೊಂಬೆ ಆಡಿಸಿ ಬಂದವಳು ಪಾಠ ಹೇಳುವುದೇ!

ನನ್ನ ಮಗಳು ದುರ್ಗಾಂಬಿಕಾ ಚೊಚ್ಚಲ ಬಾಣಂತನಕ್ಕೆಂದು ಗಂಡನ ಮನೆ ಹೊನ್ನಾಳಿಯಿಂದ ನಮ್ಮೂರು ಸೊಕ್ಕೆಗೆ ಬಂದಿದ್ದಳು. ಗಂಡು ಕೂಸು. ಏನಾದರೂ ಹೆಚ್ಚುಕಮ್ಮಿಯಾದರೆ ಬೀಗರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಅದಕ್ಕೇ ತಗಡಿನ ಕೋಣೆಯ ಕಿಟಕಿಗೆ ಗೋಣಿಚೀಲ ಬಿಗಿದು, ಕೂಸಿಗೆ ಉಣ್ಣೆ ಟೋಪಿ ಹಾಕಿ, ಕಂಬಳಿ ಸುತ್ತಿ, ಮಂಚದ ಕೆಳಗೆ ಕೆಂಡ ಇಟ್ಟಿದ್ದೆ. ನಮ್ಮವ್ವ ನನಗೂ ಹಾಗೇ ಮಾಡಿದ್ದಳು. ಗಾಳಿ, ದೃಷ್ಟಿ, ವಿಜಯಶ್ರೀ, ಯಾವುದೂ ಒಳಗೆ ನುಸುಳಬಾರದೆಂದು ಹಗಲೆಲ್ಲ ಬಾಗಿಲೆದುರಿನ ಬೇವಿನ ಮರದಡಿ ಬೀಸಣಿಗೆ ಹಿಡಿದು ಕಾವಲು ಕೂರುತ್ತಿದ್ದೆ.

ಅವತ್ತು ಮಧ್ಯಾಹ್ನ ನಾನು ಬೇಡವೆಂದರೂ ವಿಜಯಶ್ರೀ ಒಳಗೆ ಹೋದಳು. ಕೂಸಿನ ಕಂಕುಳಿಗೆ ಥರ್ಮಾಮೀಟರ್ ಇಟ್ಟು ನೋಡಿ, ಫೋನಿನಲ್ಲಿ ಮಾತಾಡುತ್ತಾ ಓಡಿಬಂದಳು.

“ದೊಡ್ಡಮ್ಮ, ಕೂಸಿನ ಮೈ ಸುಡ್ತೈತೆ. ಬೆಳಿಗ್ಗೆಯಿಂದ ಮೊಲೆ ಹಿಡಿದಿಲ್ಲಂತೆ. ಆಂಬುಲೆನ್ಸ್‌ಗೆ ಹೇಳೀನಿ. ಅದು ಬರೋದರೊಳಗೆ ಕಂಬಳಿ ತೆಗೆದು ನೆರಳಿಗೆ ತರೋಣ.”

“ಹೌದವ್ವ ಹೌದು! ಬಾಣಂತೀನ ಬಯಲಿಗೆ ಕೂರಿಸಿ, ಫೋಟೋ ಹೊಡೆದು ನಿಮ್ಮ ಗ್ರೂಪಿಗೆ ಹಾಕಾಕೆ ತಾನೆ? ಕೂಸಿಗೆ ಗಾಳಿ ಹಿಡಿದ್ರೆ ಹೊನ್ನಾಳಿಯವರಿಗೆ ಜವಾಬು ಕೊಡಾಕೆ ನೀನು ಬರ್ತೀಯಾ?”

ಅವಳು ಫೋನನ್ನು ಚೀಲಕ್ಕೆ ತುರುಕಿದಳು. “ಫೋಟೋನೂ ಇಲ್ಲ, ಗೀಟೋನೂ ಇಲ್ಲ. ಬಾಗಿಲು ಹಾಕ್ಕೊಂಡು ನೀವೇ ಒಂದೀಟು ಒಳಗೆ ಕುಂತು ನೋಡ್ರಿ.”

ಇವಳು ಏನೋ ಹೂಡಿದ್ದಾಳೆ ಅನಿಸಿತು. ಆದರೂ ಹಿಂಜರಿದರೆ ಸೋತಂತಲ್ಲವೇ? ದಡದಡನೆ ಹೋಗಿ ಬಾಗಿಲು ಎಳೆದುಕೊಂಡೆ.

ಮೇಲೆ ತಗಡಿನ ಝಳ, ಕೆಳಗೆ ಕೆಂಡದ ಹೊಗೆ. ಕೂತ ಕೂಡಲೇ ಉಸಿರು ಕಟ್ಟಿತು. ಹೊರಗಿನವಳಿಗೆ ಕೇಳಿಸಬಾರದೆಂದು ಕೆಮ್ಮು ನುಂಗಿಕೊಂಡೆ. ಬೆನ್ನಿನ ಮೇಲೆ ಬೆವರು ಇಳಿಯತೊಡಗಿತು. ನನಗೇ ಗೊತ್ತಿಲ್ಲದಂತೆ ಕೈ ಪಕ್ಕದಲ್ಲಿ ತಡಕಾಡಿತು.

“ಬೀಸಣಿಗೆ ಹೊರಗೇ ಬಿಟ್ಟು ಬಂದ್ಯಾ ಅವ್ವ?” ದುರ್ಗಾಂಬಿಕಾ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ಮೊನ್ನೆ ನಾನು ಕೇಳಿದ್ರೆ, ಬಾಣಂತಿಗೆ ಗಾಳಿ ಆಗಲ್ಲ ಅಂದಿದ್ದೆ.”

ಕೂಸಿನ ಟೋಪಿ ಕಿತ್ತೆ. ನೆತ್ತಿ ಕಾದ ಹಂಚು. ಅದಕ್ಕೆ ಅಳಲೂ ತ್ರಾಣವಿರಲಿಲ್ಲ. ಅಯ್ಯೋ ಶಿವನೇ, ನನ್ನ ಕೈಯಾರೆ ಇದೇನು ಮಾಡಿಬಿಟ್ಟೆ! ಕಂಬಳಿಯನ್ನು ಅಲ್ಲೇ ಎಸೆದು, ಕೂಸನ್ನು ಎತ್ತಿಕೊಂಡು ಮರದಡಿಗೆ ಓಡಿದೆ. ದುರ್ಗಾಂಬಿಕಾ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು.

ವಿಜಯಶ್ರೀ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸಿದಳು. ನಾನು ತಾಯಿ, ಮಗು ಇಬ್ಬರಿಗೂ ಬೀಸುತ್ತಾ ಕೂತೆ. ಮೊಲೆಗೆ ಹಚ್ಚಿದರೆ ಕೂಸು ತುಟಿ ತೆರೆಯಲಿಲ್ಲ. ಇನ್ನೊಮ್ಮೆ ಹಚ್ಚಿದಾಗಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕಾಲು ಆಡಿಸಿ, ಕುಂಯ್ ಎಂದು ಬಾಯಿ ಹಾಕಿತು. ನಾನು ನಾಚಿಕೆ ಬಿಟ್ಟು ಗೊಳೋ ಎಂದು ಅತ್ತೆ.

“ಆದರೂ ಡಾಕ್ಟ್ರು ನೋಡಲೇಬೇಕು ದೊಡ್ಡಮ್ಮ,” ಎಂದಳು ವಿಜಯಶ್ರೀ.

“ಆಂಬುಲೆನ್ಸ್ ಬರ್ಲಿ, ನಾನೂ ಬರ್ತೀನಿ. ನೀನು ಮುಂದೆ ಹತ್ತು.”

ಎದುರುಮನೆಯ ಹೊನ್ನೂರಮ್ಮ ಹೊಸಿಲಿನಿಂದಲೇ ನನ್ನನ್ನು ಕೂಗಿದಳು. “ಏನೇ ಗಾದ್ರಿ, ಹಸಿ ಬಾಣಂತೀನ ಹೊರಗೆ ಕೂರಿಸೀಯಲ್ಲೇ! ಗಾಳಿ ಹಿಡಿಯಲ್ವೇನೇ?”

ನಾನು ಬೀಸುವುದನ್ನು ನಿಲ್ಲಿಸಲಿಲ್ಲ.

“ಇಷ್ಟು ದಿನ ಇದೇ ನೆರಳಾಗೆ ನಾನು ಕುಂತಿದ್ನಲ್ಲೇ ಹೊನ್ನೂರಿ, ನನಗೇನು ಹಿಡಿದಿತ್ತು?”