ಪರದೆಯಾಚೆಗೆ ಕೇಳುವಂತೆ

ಅಂಬಕ್ಕನ ಮನೆಯಲ್ಲಿ ನಡುಮನೆಗೂ ಒಳಕೋಣೆಗೂ ನಡುವೆ ಮಾಸಿದ ಬಿಳಿಯ ಪರದೆಯೊಂದು ಇತ್ತು. ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಹೊಲಿದದ್ದು. ನಡುಮನೆಯ ಟೀವಿ ಹಾಕಿದರೆ ಅದರ ಬೆಳಕು ಪರದೆಯ ಮೇಲೆ ನೀಲಿಯಾಗಿ ಅಲುಗಾಡುತ್ತಿತ್ತು. ಕೊನೆಯ ವರ್ಷ ಅವಳ ಗಂಡ ಚನ್ನವೀರಪ್ಪನವರು ಒಳಗಿನ ಮಂಚದ ಮೇಲೆ ಮಲಗಿ ನೋಡುತ್ತಿದ್ದದ್ದು ಆ ಬೆಳಕನ್ನು ಮಾತ್ರ.

ಅದಕ್ಕೆ ಮೊದಲು ಅವರು ನಮ್ಮ ಜೊತೆ ಕೂತೇ ನೋಡುತ್ತಿದ್ದರು. ‘ಹನ್ನೊಂದನೆಯ ದಿಕ್ಕು’ ಎಂದು ಆ ಧಾರಾವಾಹಿಯ ಹೆಸರು. ದಾರಿ ತಪ್ಪಿದ ಒಂದು ಆಕಾಶನೌಕೆ ಮನೆಗೆ ಹೊರಟ ಕತೆ. ಯಾವ ಕಾಲದಿಂದ ಹೊರಟಿತ್ತೋ ಏನೋ, ಸೇರುವ ಲಕ್ಷಣವಂತೂ ಇರಲಿಲ್ಲ. ಪ್ರತಿ ದೀಪಾವಳಿಗೆ ಅದರದೊಂದು ವಿಶೇಷ ಕಂತು ಬರುತ್ತಿತ್ತು. ಆ ಸಂಜೆ ತಮ್ಮ ಸೋಡಾ ಅಂಗಡಿಗೆ ಬಾಗಿಲು ಹಾಕಿ ಚನ್ನವೀರಪ್ಪನವರು ನಮ್ಮನ್ನೆಲ್ಲ ಮನೆಗೆ ಕರೆಯುತ್ತಿದ್ದರು: ಶಾಲೆಯ ಲಾರೆನ್ಸ್ ಮೇಷ್ಟ್ರು, ಬಟ್ಟೆ ಹೊಲಿಯುವ ಜುಬೇದಾ, ಪಕ್ಕದ ಮನೆಯ ನಾನು.

ಕಂತಿಗಿಂತ ಮುಖ್ಯವಾದದ್ದು ಆಮೇಲಿನ ಜಗಳ. ಮೇಷ್ಟ್ರಿಗೆ ಪ್ರತಿ ದೃಶ್ಯದಲ್ಲೂ ವಿಜ್ಞಾನದ ತಪ್ಪು ಕಾಣಬೇಕು. ಜುಬೇದಾಳಿಗೆ ಅತ್ತು ಕಣ್ಣೊರೆಸಿಕೊಳ್ಳುವುದು ಬೇಕು, ತಪ್ಪು ಹುಡುಕಿದವರನ್ನು ಕಂಡರೆ ಮೈಯುರಿ. ನಾನು ಇದೆಲ್ಲ ಸುಮ್ಮನೆ ಎಳೆಯುವ ಕತೆ ಎಂದು ಮೂಗು ಮುರಿಯುತ್ತಿದ್ದೆ, ಆದರೆ ಎಲ್ಲರಿಗಿಂತ ಮೊದಲು ಹೋಗಿ ಜಾಗ ಹಿಡಿಯುತ್ತಿದ್ದೆ. ನಾವು ಗಂಟಲು ಹರಿಯುವಷ್ಟು ಕೂಗಾಡಿದ ಮೇಲೆ ಚನ್ನವೀರಪ್ಪನವರು ಹಿತ್ತಾಳೆಯ ಲೋಟವನ್ನು ಟಣ್ಣೆಂದು ಬಡಿದು ತೀರ್ಪು ಕೊಡುತ್ತಿದ್ದರು. ಆ ತೀರ್ಪನ್ನು ನಾವು ಒಮ್ಮೆಯೂ ಒಪ್ಪಿದ್ದಿಲ್ಲ.

ಒಂದು ದೀಪಾವಳಿಯ ಕಂತಿನಲ್ಲಿ ನೌಕೆಯ ಸಾರಥಿ ಮೇಘನಾದ ರಿಪೇರಿಗೆಂದು ಹೊರಗಿಳಿದಾಗ ಅವನ ಹಗ್ಗ ತುಂಡಾಯಿತು. ಅವನು ಕತ್ತಲೆಯೊಳಕ್ಕೆ ತೇಲಿಹೋದ. ಏನಾದನೆಂದು ಇಡೀ ವರ್ಷ ತೋರಿಸಲಿಲ್ಲ. ಆ ವರ್ಷವೇ ಚನ್ನವೀರಪ್ಪನವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಕೈಚೆಲ್ಲಿದ್ದರು.

ತಮ್ಮ ಕಾಯಿಲೆಯ ಮಾತನ್ನು ಅವರು ಆಡುತ್ತಲೇ ಇರಲಿಲ್ಲ. ಆಡುತ್ತಿದ್ದದ್ದು ಮೇಘನಾದನ ಮಾತು.

“ಅವನು ಬಂದೇ ಬರ್ತಾನೆ, ನೋಡ್ತಿರಿ. ಹಗ್ಗ ತುಂಡಾಯ್ತು ಅಂದ್ರೆ ಮನುಷ್ಯ ಮುಗಿದ ಅಂತಲ್ಲ.”

ಹೌದು ಹೌದು ಎನ್ನುತ್ತಿದ್ದೆವು. ಅವರು ಯಾರ ಮಾತಾಡುತ್ತಿದ್ದಾರೆ ಎಂಬುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮುಂದಿನ ದೀಪಾವಳಿಯ ಸಂಜೆ ಬೀದಿಯ ತುಂಬ ಪಟಾಕಿಯ ಸದ್ದು. ಅವರು ಔಷಧಿಯ ಮಂಪರಿನಲ್ಲಿ ಮಲಗಿದ್ದರು. ಮುಗಿದ ಕೂಡಲೇ ಎಬ್ಬಿಸಿ ಎಂದು ಮೊದಲೇ ಹೇಳಿದ್ದರು. ಅಂಬಕ್ಕ ಟೀವಿಯ ದನಿ ತಗ್ಗಿಸಿ, ಎಂದೂ ಆ ಧಾರಾವಾಹಿಯ ಕಡೆ ತಿರುಗಿ ನೋಡದವಳು ಅಂದು ನಮ್ಮ ಜೊತೆ ನೆಲದ ಮೇಲೆ ಕೂತಳು. ಕಂತಿನ ಕೊನೆಯಲ್ಲಿ ನೌಕೆಗೆ ಮೇಘನಾದ ಸಿಕ್ಕಿದ. ಆದರೆ ಗಾಜಿನ ಮುಖವಾಡದೊಳಗೆ ಅವನ ರೆಪ್ಪೆಗಳ ಮೇಲೆಲ್ಲ ಹಿಮ ಕಟ್ಟಿತ್ತು.

ಜುಬೇದಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಂಬಕ್ಕ ಎದ್ದು ಟೀವಿ ಆರಿಸಿದಳು.

“ಬದುಕಿ ಬಂದ ಅಂತ ಹೇಳ್ಬಿಡಿ,” ಎಂದಳು ಮೆಲ್ಲಗೆ. “ನಿಮ್ಮ ಕಾಲಿಗೆ ಬೀಳ್ತೀನಿ. ಅವರು ಅದೊಂದನ್ನೇ ಹಿಡ್ಕೊಂಡು ಉಸಿರಾಡ್ತಿದಾರೆ.”

ಅಷ್ಟರಲ್ಲಿ ಒಳಗಿನಿಂದ ದನಿ ಬಂತು. “ಅಂಬಾ, ಬೆಳಕು ನಿಂತೋಯ್ತಲ್ಲ. ಮುಗೀತಾ? ಎಲ್ಲರನ್ನೂ ಒಳಗೆ ಕರಿ.”

ಪರದೆ ಸರಿಸಿ ಒಳಗೆ ಹೋಗಿ ಮಂಚದ ಸುತ್ತ ನಿಂತೆವು.

“ಬಂದ, ಚನ್ನವೀರಪ್ಪನೋರೇ,” ಎಂದರು ಮೇಷ್ಟ್ರು. “ಬದುಕಿ ಬಂದ. ಬಹಳ ಚೆನ್ನಾಗಿ ಮಾಡಿದಾರೆ.”

“ಹೌದಣ್ಣ, ತುಂಬಾ ಚೆನ್ನಾಗಿತ್ತು,” ಎಂದಳು ಜುಬೇದಾ.

“ಇಷ್ಟು ಒಳ್ಳೇ ಕಂತು ಇದುವರೆಗೂ ಬಂದಿರಲಿಲ್ಲ,” ಎಂದು ನಾನೂ ಸೇರಿಸಿದೆ.

ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. “ಮೇಷ್ಟ್ರೇ, ಒಂದು ತಪ್ಪೂ ಸಿಗಲಿಲ್ವಾ?”

“ಒಂದೂ ಇಲ್ಲ.”

ಚನ್ನವೀರಪ್ಪನವರಿಗೆ ನಗು ಬಂತು. ನಕ್ಕಾಗ ನೋವಾಗಿ ಹೊಟ್ಟೆ ಹಿಡಿದುಕೊಂಡರು. “ನೀವು ಮೂರೂ ಜನ ಒಂದೇ ಮಾತು ಆಡಿದ್ದು ನಾನು ಇವತ್ತೇ ಕೇಳಿದ್ದು,” ಎಂದರು. ಆಮೇಲೆ ಕೇಳಿದರು, “ಸತ್ತನಾ ಅವನು?”

ಜುಬೇದಾ ಬಿಕ್ಕಿದಳು, ಅವರಿಗೆ ಅಷ್ಟು ಸಾಕಾಯಿತು. ಗೋಡೆಯ ಕಡೆ ಮುಖ ತಿರುಗಿಸಿದರು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಇಂಥ ಸುಳ್ಳು ಹೇಳಲೂ ಬಾರದ ನಮ್ಮ ಮೇಲೆ ನನಗೇ ಸಿಟ್ಟು ಬಂತು.

“ಒಬ್ಬನೇ ಇದ್ನಾ?” ಎಂದು ಅವರು ಗೋಡೆಯನ್ನೇ ಕೇಳಿದರು.

ಉತ್ತರ ಕೊಟ್ಟವಳು ಅಂಬಕ್ಕ. “ಇಲ್ಲ ಕಣ್ರೀ. ಎಲ್ಲರೂ ಹುಡುಕ್ಕೊಂಡು ಬಂದಿದ್ರು. ಮನೆ ದಾರಿ ಬಿಟ್ಟು ನೌಕೇನೇ ಹಿಂದಕ್ಕೆ ತಿರುಗಿಸ್ಕೊಂಡು ಬಂದಿದ್ರು. ಅವನಿಗೆ ಕಾಣ್ಲಿ ಅಂತ ಕಿಟಕೀಲಿ ದೀಪ ಇಟ್ಟಿದ್ರು.”

ಅವರು ಈ ಕಡೆ ಹೊರಳಿದರು. “ನೌಕೆ ತಿರುಗಿಸಿದ್ರಾ? ಅಷ್ಟು ಇಂಧನ ಎಲ್ಲಿತ್ತು?”

ಪಾಪ, ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಅದನ್ನೇ ನಾನೂ ಹೇಳೋದು. ಹೋದ ತಿಂಗಳಷ್ಟೇ ಇಂಧನ ತಳ ಮುಟ್ಟಿದೆ ಅಂತ ತೋರಿಸಿದ್ರು.”

“ಕಳೆದುಹೋದವನನ್ನ ಹುಡುಕೋಕೆ ಯಾರಾದ್ರೂ ಇಂಧನದ ಲೆಕ್ಕ ನೋಡ್ತಾರಾ ಮೇಷ್ಟ್ರೇ?” ಎಂದು ಜುಬೇದಾ ಅಳುತ್ತಲೇ ಹರಿಹಾಯ್ದಳು.

ಕೊಂದೇಬಿಡುವುದಿದ್ದರೆ ವರ್ಷವಿಡೀ ಯಾಕೆ ಸತಾಯಿಸಬೇಕಿತ್ತು ಎಂದು ನಾನು ನಡುವೆ ಬಾಯಿ ಹಾಕಿದೆ. ಎಂದಿನಂತೆ ಶುರುವಾಗಿಹೋಯಿತು. ರೋಗಿಯ ತಲೆದೆಸೆಯಲ್ಲಿ ನಿಂತು ನಾವು ಮೂವರೂ ನಾಚಿಕೆಯಿಲ್ಲದೆ ಕೂಗಾಡಿದೆವು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಗೆ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಉಗುರಿನಿಂದ ಬಡಿದರು. ಸದ್ದು ಬರಲಿಲ್ಲ, ಆದರೂ ಸುಮ್ಮನಾದೆವು.

“ಬದುಕಿಸೋಕೆ ಆಗಲಿಲ್ಲ ಅನ್ನೋದು ಬೇರೆ ಮಾತು,” ಎಂದರು. “ನೌಕೆ ತಿರುಗಿಸಿದ್ದು ಸರಿ.”

ಅದೊಂದು ತೀರ್ಪಿಗೆ ಯಾರೂ ಎದುರಾಡಲಿಲ್ಲ. ಕಾರ್ತಿಕ ಮುಗಿಯುವ ಮೊದಲೇ ಅವರು ಹೋದರು.

ಮರುವರ್ಷ ಹಬ್ಬಕ್ಕೆ ಅಂಬಕ್ಕನೇ ನಮ್ಮನ್ನು ಕರೆಸಿದಳು. ಆ ಸಲದ ಕಂತು ಸಪ್ಪೆಯಾಗಿತ್ತು. ಮುಗಿದ ಮೇಲೆ ಮೂವರೂ ತಲೆ ತಗ್ಗಿಸಿ ಕೂತೆವು. ಆ ಮನೆಯಲ್ಲಿ ದನಿ ಎತ್ತಲು ಮನಸ್ಸು ಬರಲಿಲ್ಲ. ಅಂಬಕ್ಕ ಕರ್ಜಿಕಾಯಿಯ ತಟ್ಟೆ ತಂದಿಟ್ಟಳು. ಟೀವಿ ಆರಿಸಲಿಲ್ಲ.

“ಯಾಕೆ, ಈ ಸಲ ತಪ್ಪೇ ಇಲ್ವಾ ಮೇಷ್ಟ್ರೇ?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಒಂದು ತಪ್ಪನ್ನು ಗೊಣಗಿದರು.

“ಸ್ವಲ್ಪ ಜೋರಾಗಿ ಹೇಳಿ,” ಎಂದಳು ಅಂಬಕ್ಕ. “ಒಳಗೆ ಕೇಳೋ ಹಾಗೆ.”

ಮೇಷ್ಟ್ರು ದನಿ ಎತ್ತಿದರು. ಜುಬೇದಾ ತಿರುಗಿಬಿದ್ದಳು. ನಾನೂ ಬಿಡಲಿಲ್ಲ. ಅಂಬಕ್ಕ ಹಿತ್ತಾಳೆಯ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಪಕ್ಕ ಕೂತಿದ್ದಳು. ಅವಳ ಬೆನ್ನ ಹಿಂದೆ, ಪರದೆಯ ಮೇಲೆ, ನೀಲಿ ಬೆಳಕು ಅಲುಗಾಡುತ್ತಿತ್ತು.