ಬಟ್ಟಲಲ್ಲಿದ್ದ ನಿಂಬೆಸಿಪ್ಪೆ

ಚಳಿ ಕಳೆದು, ಹೋಟೆಲಿನವರೆಲ್ಲ ಮೇಜು ಕುರ್ಚಿಗಳನ್ನು ಹೊರಗೆ ಹಾಕುವ ದಿನಗಳು ಬಂದವೆಂದರೆ ನನ್ನ ಸೋದರಮಾವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವಸಂತದಲ್ಲಿ ಎಲ್ಲಿ ಕೂತು ಉಂಡರೆ ಚೆನ್ನ ಎಂದು ಪತ್ರಿಕೆಯಲ್ಲಿ ಆರಿಸಿ ಬರೆಯುವವರು ಅವರು. ಅವರು ಹೊಗಳಿದ ಜಾಗದ ಮುಂದೆ ಜನ ಸಾಲುಗಟ್ಟುತ್ತಿದ್ದರು. ಆದರೆ ಮಾವನಿಗೆ ಇದ್ದದ್ದು ಪೆನ್ನು ಮಾತ್ರ, ನಾಲಿಗೆಯಲ್ಲ. ಕಣ್ಣು ಮುಚ್ಚಿಸಿ ಬಾಯಿಗಿಟ್ಟರೆ ಮೂಲಂಗಿ ಯಾವುದು, ಸೌತೆಕಾಯಿ ಯಾವುದು ಎಂದು ತಿಳಿಯದ ಮನುಷ್ಯ. ನಾಲಿಗೆ ನನ್ನದು.

ನಾನು ದರ್ಜಿ. ಅಪ್ಪ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಕೊಡಿಸಿ, ಅಂಗಡಿ ಹಾಕಿಕೊಟ್ಟು, ನನ್ನನ್ನು ಮನುಷ್ಯಳನ್ನಾಗಿ ಮಾಡಿದವರು ಮಾವನೇ. ಚಿಕ್ಕವಳಿದ್ದಾಗಿನಿಂದ ನಮ್ಮಿಬ್ಬರದೊಂದು ಆಟ. ತಟ್ಟೆ ಮುಂದೆ ಬಂದರೆ ಸಾಕು, "ಕೂಸೇ, ಏನೇನಿದೆ ಹೇಳು ನೋಡೋಣ" ಎನ್ನುತ್ತಿದ್ದರು. ನಾನು ಒಂದೊಂದಾಗಿ ಹೇಳುತ್ತಿದ್ದೆ. ಅವರು ಅದನ್ನೆಲ್ಲ ಬರೆಯುತ್ತಿರಲಿಲ್ಲ. ಬಿಸಿಲು, ಗಾಳಿ, ಬಾಯಿ ತುಂಬಿದ ಹಸಿರು ಎಂದು ಏನೇನೋ ಹೊಸೆಯುತ್ತಿದ್ದರು. ಓದಿದವರ ಬಾಯಲ್ಲಿ ನೀರೂರುತ್ತಿತ್ತು, ನನಗೂ.

ಈ ಸಲ ಮಾವ ಬುಗುರಿಯ ಹೋಟೆಲಿಗೆ ಹೋಗುವವರಿದ್ದರು. ಬುಗುರಿ ನನ್ನ ಗೆಳತಿ. ಒಂದು ಕಡೆ ನಿಂತವಳೇ ಅಲ್ಲ, ಅದಕ್ಕೇ ಆ ಹೆಸರು. ಅವಳ ಹೋಟೆಲಿನ ಹಿಂದೆ ದ್ರಾಕ್ಷಿ ಬಳ್ಳಿಯ ಚಪ್ಪರವಿರುವ ಅಂಗಳ. ಕಟ್ಟಡದ ಯಜಮಾನ ಆಗಲೇ ಹೇಳಿಬಿಟ್ಟಿದ್ದ: ಈ ವಸಂತದಲ್ಲೂ ಅಂಗಳ ಖಾಲಿ ಹೊಡೆದರೆ ಚಪ್ಪರ ಕಿತ್ತು ಕಾರು ನಿಲ್ಲಿಸುತ್ತೇನೆ ಎಂದು.

"ನೀನು ಬರಬೇಡ," ಎಂದರು ಮಾವ. "ನಿನ್ನ ಗೆಳತಿ. ಪಕ್ಷಪಾತ ಅಂತಾರೆ ಜನ."

ತಾವೊಬ್ಬರೇ ಟೋಪಿ ಹಾಕಿಕೊಂಡು ಹೋದರು. ಟೋಪಿ ಹಾಕಿಕೊಂಡರೆ ಯಾರಿಗೂ ಗುರುತು ಸಿಗುವುದಿಲ್ಲ ಎಂಬುದು ಅವರ ನಂಬಿಕೆ. ಊರಿನ ಅಡುಗೆಯವರಿಗೆಲ್ಲ ಆ ಟೋಪಿಯೇ ಗುರುತು. ಮಧ್ಯಾಹ್ನ ಡಬ್ಬಿಯಲ್ಲಿ ಸೂಪು ತಂದು ನನ್ನ ಯಂತ್ರದ ಪಕ್ಕದಲ್ಲಿಟ್ಟರು.

ಬೆಳಗಿನಿಂದ ಒಂದು ಉದ್ದ ಲಂಗದ ಅಂಚು ಮಡಿಸುತ್ತ ಕೂತಿದ್ದೆ. ತುಟಿಗಳ ನಡುವೆ ಗುಂಡುಸೂಜಿಗಳ ಬೇಲಿ. ಅವನ್ನು ತೆಗೆದಿಟ್ಟು, ಬಾಯಿ ಕೂಡ ಮುಕ್ಕಳಿಸದೆ ಚಮಚ ಎತ್ತಿದೆ.

"ಬಟಾಣಿ ಸಿಪ್ಪೆ ಕುದಿಸಿದ ನೀರು, ಮಾವ. ಬಟಾಣಿ ತರಿತರಿಯಾಗಿ ಅರೆದದ್ದು. ಕರಿ ಹತ್ತೋವರೆಗೆ ಸುಟ್ಟ ಈರುಳ್ಳಿ. ತುರಿದ ಪೇರು ಹಣ್ಣು. ಹುಳಿಗೆ... ನಿಂಬೆಸಿಪ್ಪೆ."

"ಪೇರು ಎಷ್ಟಿರಬಹುದು?"

"ಎಷ್ಟು ಅಂದ್ರೆ? ಯಾವತ್ತೂ ಕೇಳದವರು!"

"ಸುಮ್ನೆ ಕೇಳ್ದೆ ಕಣೇ. ಈರುಳ್ಳಿ ಮೊದಲು ಹಾಕ್ತಾಳೋ, ಆಮೇಲೋ?"

ಮಾವನಿಗೂ ಕೊನೆಗೆ ಅಡುಗೆಯ ರುಚಿ ಹತ್ತಿತಲ್ಲ ಎಂದು ಹಿಗ್ಗಿ, ತಿಳಿದದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ.

ಮರುದಿನ ಬುಗುರಿ ಏಪ್ರನ್ನಿಗೆ ಜೇಬು ಹೊಲಿಸಲು ಬಂದಳು.

"ಟೋಪಿಯೋರು ಎರಡು ಸಲ ಸೂಪು ಹಾಕಿಸ್ಕೊಂಡ್ರು ಕಣೇ! ಡಬ್ಬಿ ನಿನಗೇ ಅಂತ ಗೊತ್ತು. ಏನೇನು ಸಿಕ್ತು ನಾಲಿಗೆಗೆ?"

ಹೇಳಿದೆ. ನಿಂಬೆಸಿಪ್ಪೆ ಎಂದದ್ದೇ ತಡ, ಗಹಗಹಿಸಿ ನಕ್ಕಳು.

"ನಿಂಬೆಯಂತೆ! ಸೂಜಿ ಕಚ್ಚಿ ಕಚ್ಚಿ ನಿನ್ನ ನಾಲಿಗೆಗೂ ತುಕ್ಕು ಹಿಡಿದಿದೆ." ಜೇಬಿನಿಂದ ದ್ರಾಕ್ಷಿ ಬಳ್ಳಿಯ ಎಳೆಯ ಕುಡಿಯೊಂದನ್ನು ತೆಗೆದು ನನ್ನ ಬಾಯಿಗೆ ತುರುಕಿದಳು. "ಅಗಿ. ಇದು ವಸಂತದಲ್ಲಿ ಮಾತ್ರ ಇಷ್ಟು ಎಳಸು. ಅದಕ್ಕೇ ಈ ಸೂಪು ಬೇರೆ ಕಾಲಕ್ಕಿಲ್ಲ. ಯಾರಿಗೂ ಹೇಳ್ಬೇಡ ಮತ್ತೆ, ನಿನಗೊಬ್ಬಳಿಗೇ ಹೇಳಿದ್ದು."

ಮೆಲ್ಲನೆಯ, ಹಸಿರು ಹುಳಿ. ನಾಚಿಕೆಯಾಯಿತು. ಮಾವನಿಗೆ ತಿದ್ದಿ ಹೇಳೋಣ ಎಂದುಕೊಂಡೆ. ಬರೆಯುವಾಗ ಅವರು ಇದನ್ನೆಲ್ಲ ಎಲ್ಲಿ ಬರೆಯುತ್ತಾರೆ ಎಂದು ಸುಮ್ಮನಾದೆ.

ಪತ್ರಿಕೆ ಬಂದ ದಿನ ಅಂಗಡಿಯ ಬಾಗಿಲಲ್ಲೇ ನಿಂತು ಓದಿದೆ. ಮೊದಲ ಜಾಗ ನದಿ ದಂಡೆಯ ಹೊಸ ಹೋಟೆಲಿಗೆ. "ಇಂಥ ಬಟಾಣಿ ಸೂಪು ಈ ಊರು ಕಂಡಿಲ್ಲ" ಎಂದಿತ್ತು. ಎರಡು ಸಲ ಓದಿದರೂ ಬುಗುರಿಯ ಹೆಸರು ಎಲ್ಲೂ ಇರಲಿಲ್ಲ.

ಮಾವ ಫೋನು ಮಾಡಿದರು. "ಬಾ ಕೂಸೇ, ಇವತ್ತು ನದಿ ದಂಡೆಯಲ್ಲೇ ಊಟ."

ಹೋದೆ. ಏನೋ ಕಾರಣವಿದ್ದೀತು, ಕೇಳೋಣ ಎಂದೇ ಹೋದೆ. ಬಿಳಿ ಕೊಡೆಗಳ ಕೆಳಗೆ ಕಾಲಿಡಲು ಜಾಗವಿಲ್ಲ. ಮಾವನ ತಲೆಯ ಮೇಲೆ ಟೋಪಿ ಇರಲಿಲ್ಲ. ಮಾಲೀಕ ಓಡಿಬಂದು ಅವರ ಹೆಗಲ ಮೇಲೆ ಕೈಯಿಟ್ಟ. "ಅಡುಗೆಮನೆಗೂ ಒಮ್ಮೆ ಬಂದು ಹೋಗಿ ಸಾರ್, ನಿಮ್ಮದೇ ಅಲ್ವಾ ಇನ್ನು ಮೇಲೆ!" ಎಂದ.

ಸೂಪು ಬಂತು. ಮಾವ ಅಭ್ಯಾಸಬಲದಿಂದ ಕೇಳಿದರು: "ಏನೇನಿದೆ ಹೇಳು ನೋಡೋಣ."

ಬಟಾಣಿ ಸಿಪ್ಪೆಯ ನೀರು. ಸುಟ್ಟ ಈರುಳ್ಳಿ. ಪೇರು. ಕೊನೆಯಲ್ಲಿ, ನಾಲಿಗೆಯ ತುದಿಯಲ್ಲಿ, ಚುರುಕ್ಕೆಂದು ನಿಂಬೆಸಿಪ್ಪೆ.

"ನಾನಿದ್ದೀನಿ ಮಾವ ಇದರಲ್ಲಿ," ಎಂದೆ.

"ಏನು ಹಾಗಂದ್ರೆ?"

"ಬುಗುರಿ ಸೂಪಿಗೆ ನಿಂಬೆ ಹಾಕೋದೇ ಇಲ್ಲ. ಆವತ್ತು ಬಾಯಿ ಸೂಜಿ ರುಚಿ ಆಗಿತ್ತು, ತಪ್ಪು ಹೇಳ್ಬಿಟ್ಟೆ. ನಿಮ್ಮೊಬ್ಬರಿಗೆ ಹೇಳಿದ ತಪ್ಪು, ಈ ಬಟ್ಟಲಿಗೆ ನಡ್ಕೊಂಡು ಬಂತಾ?"

ಮಾವ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ಬಟಾಣಿ ಏನು ಯಾರಪ್ಪನ ಮನೆ ಆಸ್ತಿನಾ?"

ನಾನು ಬಟ್ಟಲನ್ನು ಆಚೆ ಸರಿಸಿದೆ.

"ಎಷ್ಟು ವರ್ಷ ಅಂತ ಬೇರೆಯವರ ಮೇಜಲ್ಲಿ ಉಂಡು ಬೇರೆಯವರನ್ನ ಹೊಗಳ್ತಾ ಇರ್ಲಿ, ಹೇಳು?" ಅವರ ದನಿ ಮೆತ್ತಗಾಯಿತು. "ಈ ಹೋಟೆಲಲ್ಲಿ ನನಗೂ ಒಂದು ಪಾಲು ಕೊಡ್ತಾನಂತೆ. ನಾಳೆ ನಿನಗೇ ತಾನೇ ಅದು? ಯಾರಿಗೋಸ್ಕರ ಮಾಡ್ದೆ ನಾನು?"

ಅದೇ ನನ್ನನ್ನು ಸುಟ್ಟದ್ದು. ಕದ್ದದ್ದು ನನ್ನ ಬಾಯಿಂದ, ಈಗ ಕಟ್ಟುವುದೂ ನನ್ನ ತಲೆಗೇ. ಇಷ್ಟು ವರ್ಷ ಆಟ ಎಂದುಕೊಂಡು ಆಡಿದವಳು ನಾನೊಬ್ಬಳೇ ಏನೋ. ಎದ್ದೆ. "ಕೂಸೇ, ಊಟ ಬಿಟ್ಟು ಏಳಬಾರದು," ಎಂದರು ಮಾವ, ಮನೆಯಲ್ಲಿ ಎನ್ನುತ್ತಿದ್ದಂತೆಯೇ.

ನೇರ ಬುಗುರಿಯ ಅಂಗಳಕ್ಕೆ ಹೋದೆ. ಮೇಜುಗಳ ಮೇಲೆ ಬಳ್ಳಿಯ ನೆರಳು ಬಿಟ್ಟರೆ ಏನೂ ಇರಲಿಲ್ಲ. ಕಟ್ಟಡದ ಯಜಮಾನ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದ.

ಅಡುಗೆಮನೆಯಲ್ಲಿ ಬುಗುರಿ ನಿಂತಿದ್ದಳು. ನಿಂತೇ ಇದ್ದಳು, ಅಲುಗಾಡದೆ.

"ನಿನ್ನೆಯೇ ಯಾರೋ ತಂದು ಕುಡಿಸಿದ್ರು ಆ ಸೂಪು," ಎಂದಳು. "ನಿಂಬೆಸಿಪ್ಪೆ. ಊರಲ್ಲೆಲ್ಲ ಹಾಗೆ ತಪ್ಪು ಹೇಳಿದವಳು ನೀನೊಬ್ಬಳೇ."

"ಮಾವ ಕೇಳಿದ್ರು ಕಣೇ. ಯಾವಾಗಲೂ ಕೇಳೋ ಹಾಗೇ ಕೇಳಿದ್ರು. ನನಗೆ ಗೊತ್ತಿರಲಿಲ್ಲ. ನಿನ್ನಾಣೆ."

"ಗೊತ್ತಿರಲಿಲ್ಲ ಅಂತ ನನಗೂ ಗೊತ್ತು."

ಅಷ್ಟು ಕೇಳಿ ನನ್ನ ಎದೆ ಹಗುರಾಯಿತು. ಯಾವತ್ತಿನಂತೆ ಒಲೆಯ ಹತ್ತಿರ ಹೋದೆ. ಹೊಸದೇನೋ ಕುದಿಯುತ್ತಿತ್ತು, ವಾಸನೆ ಹಿಡಿಯಲು ನಾನು ಬಗ್ಗುವಷ್ಟರಲ್ಲಿ ಬುಗುರಿ ಕೈಚಾಚಿ ಪಾತ್ರೆಗೆ ಮುಚ್ಚಳ ಹಾಕಿದಳು. ಸದ್ದಾಗದಂತೆ, ನನ್ನ ಮುಖ ನೋಡದೆ.

"ಏಪ್ರನ್ನು ಆಗಿದ್ರೆ ಯಾರ ಕೈಲಾದ್ರೂ ಕಳಿಸು," ಎಂದಳು.